ಶಟರ್ ಇಳಿದ ಮೇಲೂ ಉರಿಯುವ ಸ್ಕ್ರೀನು

ರಾತ್ರಿ ಒಂಬತ್ತೂವರೆ ಹೊತ್ತಿಗೆ ಮಡಿಕೇರಿ ಪೇಟೆಯಲ್ಲಿ ಸುಮ್ನೆ ಒಂದು ಸುತ್ತು ಹಾಕಿ. ಅಂಗಡಿಗಳ ಶಟರ್ ಇಳಿದಿರುತ್ತದೆ. ಚಳಿಗೆ ಜನವೂ ಮನೆ ಸೇರಿರುತ್ತಾರೆ. ಆದರೆ ಅಲ್ಲೊಂದು ಇಲ್ಲೊಂದು ಗಾಜಿನ ಬಾಗಿಲ ಹಿಂದೆ ಸ್ಕ್ರೀನು ಉರಿಯುತ್ತಲೇ ಇರುತ್ತದೆ. ಠೇವಣಿಗೆ ಬಡ್ಡಿ ಎಷ್ಟು, ರಜೆ ಯಾವತ್ತು, ಸುಸ್ವಾಗತ, ಧನ್ಯವಾದ. ಓದುವವರು ಯಾರು? ಬೀದಿನಾಯಿ ಬಿಟ್ಟರೆ ಯಾರೂ ಇಲ್ಲ.

ಈಗ ಕೊಡಗಿನಲ್ಲೂ ಸ್ಕ್ರೀನು ಎಲ್ಲೆಡೆ ಬಂದಿದೆ. ರೆಸಾರ್ಟಿನ ರಿಸೆಪ್ಷನ್, ಕ್ಲಿನಿಕ್ಕಿನ ಟೋಕನ್ ಬೋರ್ಡು, ಸಹಕಾರ ಸಂಘದ ಕೌಂಟರ್, ಕಾಲೇಜಿನ ವರಾಂಡ, ಕುಶಾಲನಗರದ ಬಟ್ಟೆ ಅಂಗಡಿ. ಇವುಗಳಿಂದ ಪರಿಸರಕ್ಕೆ ಆಗುವ ಹೊರೆ ಕಡಿಮೆ ಮಾಡಬೇಕು ಅಂತ ಹೊರಟ ಸಂಸ್ಥೆಯವರು ಸಾಮಾನ್ಯವಾಗಿ ಮೊದಲು ಕೇಳುವುದು ‘ಯಾವ ಕಂಪನಿಯದು ತಗೊಳ್ಳೋದು?’ ಅಂತ. ನನ್ನ ಪ್ರಕಾರ ಅದು ಕೊನೆಯ ಪ್ರಶ್ನೆ. ಗೋಡೆಯ ಮೇಲೆ ಈಗಾಗಲೇ ಇರುವ ಸ್ಕ್ರೀನು ದಿನಕ್ಕೆ ಎಷ್ಟು ಗಂಟೆ ಉರಿಯುತ್ತದೆ, ಎಷ್ಟು ಬೆಳಕಿನಲ್ಲಿ ಉರಿಯುತ್ತದೆ, ಎಷ್ಟು ವರ್ಷ ಬಾಳುತ್ತದೆ ಎಂಬುದರಲ್ಲೇ ಮುಕ್ಕಾಲು ಪಾಲು ಲೆಕ್ಕ ಮುಗಿಯುತ್ತದೆ.

ಸಣ್ಣ ಲೆಕ್ಕ ಹಾಕೋಣ. 55 ಇಂಚಿನ ಎಲ್‌ಸಿಡಿ ಸ್ಕ್ರೀನು ಸುಮಾರು 120 ವ್ಯಾಟ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ಹಗಲು ರಾತ್ರಿ ಉರಿದರೆ ದಿನಕ್ಕೆ 2.88 ಯೂನಿಟ್, ತಿಂಗಳಿಗೆ 86 ಯೂನಿಟ್. ಅದೇ ಸ್ಕ್ರೀನು ಕಚೇರಿ ತೆರೆದಿರುವ ಎಂಟು ಗಂಟೆ, ತಿಂಗಳಿಗೆ 26 ದಿನ ಮಾತ್ರ ಉರಿದರೆ 25 ಯೂನಿಟ್ ಸಾಕು. ಉಳಿದ 61 ಯೂನಿಟ್ ಸುಮ್ನೆ ಹೋಗುವುದು. ಯೂನಿಟ್‌ಗೆ 8 ರೂಪಾಯಿ ಅಂತ ಹಿಡಿದರೆ ತಿಂಗಳಿಗೆ 490 ರೂಪಾಯಿ ಚಿಲ್ಲರೆ. ಒಂದು ಸ್ಕ್ರೀನಿಗೆ ಇಷ್ಟು.

ಈಗ ಹೊಗೆಯ ಲೆಕ್ಕ. ನಮ್ಮ ದೇಶದ ಗ್ರಿಡ್‌ನಿಂದ ಬರುವ ಒಂದು ಯೂನಿಟ್ ಕರೆಂಟಿನ ಹಿಂದೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಇದೆ. ಆ 61 ಯೂನಿಟ್ಟನ್ನು ವರ್ಷಕ್ಕೆ ಲೆಕ್ಕ ಹಾಕಿದರೆ ಅರ್ಧ ಟನ್ನಿಗೂ ಸ್ವಲ್ಪ ಜಾಸ್ತಿ. ಇನ್ನೊಂದು ವಿಷಯವೂ ಇದೆ. ಹಗಲಿನಲ್ಲಿ ಪಾವಗಡದಂಥ ಸೋಲಾರ್ ಪಾರ್ಕುಗಳು ಗ್ರಿಡ್ಡಿಗೆ ಕರೆಂಟು ಕೊಡುತ್ತಿರುತ್ತವೆ. ಬಿಸಿಲು ಇಳಿದ ಮೇಲೆ ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನ ಮೇಲೆ ಭಾರ ಹೆಚ್ಚು. ಅಂದರೆ ಯಾರೂ ನೋಡದ ರಾತ್ರಿ ಹೊತ್ತಿನ ಕರೆಂಟೇ ಹೆಚ್ಚು ಹೊಗೆಯದು.

ಹಾಗಾದರೆ ಯಾಕೆ ಆಫ್ ಮಾಡುವುದಿಲ್ಲ? ಸೋಮಾರಿತನ ಅಂತ ಬೈದರೆ ತಪ್ಪಾಗುತ್ತದೆ. ‘ಆಫ್ ಮಾಡಿದ್ರೆ ಬೆಳಿಗ್ಗೆ ತಾನಾಗೇ ಬರಲ್ಲ ಸಾರ್, ರಿಮೋಟು ಮ್ಯಾನೇಜರ್ ಹತ್ರ ಇದೆ’ ಅನ್ನುವ ಮಾತು ಎಲ್ಲ ಕಡೆ ಕೇಳಬಹುದು. ಬೆಳಿಗ್ಗೆ ಕಸ ಗುಡಿಸಲು ಬರುವ ಅಕ್ಕನಿಗೆ ಪೆನ್‌ಡ್ರೈವ್ ಹುಡುಕಿ, ಫೋಲ್ಡರ್ ತೆರೆದು, ವಿಡಿಯೊ ಓಡಿಸುವುದು ಯಾರೂ ಹೇಳಿಕೊಟ್ಟಿರುವುದಿಲ್ಲ. ಆದ್ದರಿಂದ ಉರಿಯಲಿ ಬಿಡಿ ಅಂತ ಬಿಟ್ಟಿರುತ್ತಾರೆ. ಇದಕ್ಕೆ ಪರಿಹಾರ ಸುಲಭ. ಹೆಚ್ಚಿನ ಸ್ಕ್ರೀನುಗಳ ಮೆನುವಿನಲ್ಲೇ ಆನ್ ಟೈಮರ್, ಆಫ್ ಟೈಮರ್ ಇರುತ್ತದೆ. ಒಂಬತ್ತೂಮುಕ್ಕಾಲಿಗೆ ಆನ್, ಐದೂಮುಕ್ಕಾಲಿಗೆ ಆಫ್, ಭಾನುವಾರ ಪೂರ್ತಿ ಆಫ್ ಅಂತ ಒಮ್ಮೆ ಹಾಕಿಟ್ಟರೆ ಮುಗಿಯಿತು. ಕರೆಂಟು ಬಂದ ಕೂಡಲೇ ತಾನೇ ಶುರುವಾಗುವ ಸೆಟ್ಟಿಂಗೂ ಸಂಸ್ಥೆಗಳಿಗೆಂದೇ ಮಾಡಿದ ಸ್ಕ್ರೀನುಗಳಲ್ಲಿ ಇರುತ್ತದೆ. ತಗೊಳ್ಳುವಾಗ ಇದನ್ನು ಕೇಳಿ ತಗೊಳ್ಳಬೇಕು.

ಕಪ್ಪು ಅಂದರೆ ಆಫ್ ಅಲ್ಲ

ಕೆಲವರು ಜಾಣತನ ಮಾಡಿ ರಾತ್ರಿ ಹೊತ್ತು ಬರೀ ಕಪ್ಪು ಚಿತ್ರ ಬರುವ ಹಾಗೆ ಹಾಕಿಟ್ಟಿರುತ್ತಾರೆ. ದೂರದಿಂದ ನೋಡಿದರೆ ಆಫ್ ಆದ ಹಾಗೇ ಕಾಣುತ್ತದೆ. ಮೀಟರ್ ಮಾತ್ರ ಓಡುತ್ತಲೇ ಇರುತ್ತದೆ. ಯಾಕೆ ಅಂತ ತಿಳಿಯಬೇಕಾದರೆ ಸ್ಕ್ರೀನಿನ ಒಳಗೆ ಏನಿದೆ ಅಂತ ಸ್ವಲ್ಪ ನೋಡಬೇಕು.

ಎಲ್‌ಸಿಡಿ ಸ್ಕ್ರೀನಿಗೆ ಸ್ವಂತ ಬೆಳಕಿಲ್ಲ. ಹಿಂಬದಿಯಲ್ಲಿ ಎಲ್‌ಇಡಿ ಪಟ್ಟಿಗಳು ಉರಿಯುತ್ತವೆ. ಅದನ್ನು ಬ್ಯಾಕ್‌ಲೈಟ್ ಅನ್ನುತ್ತಾರೆ. ಮುಂದಿನ ಪ್ಯಾನೆಲ್ ಆ ಬೆಳಕನ್ನು ಎಲ್ಲಿ ಬಿಡಬೇಕು, ಎಲ್ಲಿ ತಡೆಯಬೇಕು ಅಂತ ಮಾತ್ರ ನೋಡಿಕೊಳ್ಳುತ್ತದೆ. ಕಪ್ಪು ಚಿತ್ರ ಅಂದರೆ ಟ್ಯೂಬ್‌ಲೈಟ್ ಉರಿಯುತ್ತಿರುವ ಕೋಣೆಯ ಕಿಟಕಿಗೆ ಪರದೆ ಎಳೆದ ಹಾಗೆ. ಹೊರಗೆ ಬೆಳಕು ಕಾಣದು, ಒಳಗೆ ಲೈಟು ಉರಿಯುತ್ತಲೇ ಇರುತ್ತದೆ. ಅಂಗಡಿಯವರು ‘ಎಲ್‌ಇಡಿ ಟಿವಿ’ ಅಂತ ಮಾರುವುದೂ ಬಹುತೇಕ ಇದನ್ನೇ. ದುಬಾರಿ ಮಾದರಿಗಳಲ್ಲಿ ಬ್ಯಾಕ್‌ಲೈಟಿನ ಬೇಕಾದ ಭಾಗ ಮಾತ್ರ ಉರಿಯುವ ಏರ್ಪಾಡು ಇರುತ್ತದೆ, ಅದು ಬೇರೆ ಮಾತು.

ಒಎಲ್‌ಇಡಿ ಹಾಗಲ್ಲ. ಅದರಲ್ಲಿ ಪ್ರತಿ ಚುಕ್ಕೆಯೂ ತಾನೇ ಉರಿಯುತ್ತದೆ. ಚಿತ್ರ ಕಪ್ಪಾದ ಕಡೆ ಚುಕ್ಕೆ ಆರುತ್ತದೆ. ಹೊರಗಡೆ ನಿಲ್ಲಿಸುವ ದೊಡ್ಡ ಎಲ್‌ಇಡಿ ವಾಲ್ ಕೂಡ ಇದೇ ಜಾತಿ. ಅಲ್ಲಿ ಕಪ್ಪು ಹಿನ್ನೆಲೆ ಮೇಲೆ ಬಿಳಿ ಅಕ್ಷರ ಹಾಕಿದರೆ ಕರೆಂಟು ಚೆನ್ನಾಗಿ ಉಳಿಯುತ್ತದೆ. ಪೂರ್ತಿ ಬಿಳಿ ಹಿನ್ನೆಲೆ ಹಾಕಿದರೆ ವಾಲ್ ತನ್ನ ಗರಿಷ್ಠ ಕರೆಂಟು ಎಳೆಯುತ್ತದೆ. ಆದ್ದರಿಂದ ‘ಡಾರ್ಕ್ ಡಿಸೈನ್ ಮಾಡಿ, ಪರಿಸರ ಉಳಿಸಿ’ ಅನ್ನುವ ಸಲಹೆ ಸಿಕ್ಕಾಗ ಮೊದಲು ನಿಮ್ಮದು ಯಾವ ಸ್ಕ್ರೀನು ಅಂತ ನೋಡಿಕೊಳ್ಳಿ. ಸಾಮಾನ್ಯ ಎಲ್‌ಸಿಡಿ ಆದರೆ ಅದರಿಂದ ಕಾಸಿನ ಪ್ರಯೋಜನವಿಲ್ಲ.

ಎಲ್‌ಸಿಡಿಯಲ್ಲಿ ಉಳಿಸಬೇಕಾದರೆ ಬ್ಯಾಕ್‌ಲೈಟನ್ನೇ ಇಳಿಸಬೇಕು. ಇಲ್ಲೊಂದು ತಮಾಷೆ ಇದೆ. ಎಷ್ಟೋ ಟಿವಿಗಳ ಮೆನುವಿನಲ್ಲಿ ‘ಬ್ರೈಟ್‌ನೆಸ್’ ಅಂತ ಇರುವುದು ಚಿತ್ರದ ಕಪ್ಪು ಎಷ್ಟು ಕಪ್ಪಾಗಿರಬೇಕು ಅನ್ನುವುದನ್ನು ಮಾತ್ರ ಬದಲಿಸುತ್ತದೆ. ಕರೆಂಟು ಇಳಿಯುವುದು ‘ಬ್ಯಾಕ್‌ಲೈಟ್’ ಅಂತ ಬೇರೆ ಇರುವ ಸಾಲನ್ನು ಇಳಿಸಿದಾಗ. ಜೊತೆಗೆ ‘ವಿವಿಡ್’ ಅಥವಾ ‘ಸ್ಟೋರ್’ ಮೋಡ್ ಆಗಿದೆಯೇ ನೋಡಿ. ಅದು ಶೋರೂಮಿನ ಝಗಮಗದಲ್ಲಿ ಪಕ್ಕದ ಟಿವಿಯನ್ನು ಸೋಲಿಸಲೆಂದು ಇಟ್ಟಿರುವ ಮೋಡ್. ನಿಮ್ಮ ರಿಸೆಪ್ಷನ್ನಿಗೆ ಬೇಡ.

ಸ್ಕ್ರೀನಿನ ಬೆಳಕನ್ನು ನಿಟ್ಸ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಮನೆಯ ಸಾಮಾನ್ಯ ಟಿವಿ ಸುಮಾರು 250ರಿಂದ 350 ನಿಟ್ಸ್. ಒಳಾಂಗಣದ ಸಂಸ್ಥೆಗಳಿಗೆ 350ರಿಂದ 500 ಧಾರಾಳ. ಬಿಸಿಲು ಬೀಳುವ ಕಿಟಕಿಗೆ ಮುಖ ಮಾಡಿದ್ದಕ್ಕೆ 2,500ರ ಆಸುಪಾಸು ಬೇಕು. ಬಯಲಿನ ಎಲ್‌ಇಡಿ ವಾಲ್ 5,000 ದಾಟುತ್ತದೆ. ಈಗ ಕೊಡಗಿನ ಹವೆ ನೆನಪು ಮಾಡಿಕೊಳ್ಳಿ. ಮಾರ್ಚ್ ತಿಂಗಳ ಮಧ್ಯಾಹ್ನದ ಬಿಸಿಲಿಗೆ ಹೊಂದಿಸಿದ ಬೆಳಕು ಜುಲೈ ತಿಂಗಳ ಮಂಜಿಗೆ ಯಾಕೆ ಬೇಕು? ಮಂಜಿನಲ್ಲಿ ಬೆಳಕು ಹೆಚ್ಚಿಸಿದಷ್ಟೂ ಸುತ್ತ ಬೆಳ್ಳಗೆ ಹರಡುತ್ತದೆಯೇ ಹೊರತು ಅಕ್ಷರ ಸ್ಪಷ್ಟವಾಗುವುದಿಲ್ಲ. ಹೊರಗಿನ ಬೆಳಕು ನೋಡಿಕೊಂಡು ತಾನೇ ಏರಿಳಿಯುವ ಸೆನ್ಸರ್ ಇರುವ ಸ್ಕ್ರೀನು ಬಯಲುಸೀಮೆಗಿಂತ ನಮ್ಮಲ್ಲಿ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಸೆನ್ಸರ್ ಇಲ್ಲದಿದ್ದರೆ ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಕೈಯಲ್ಲೇ ಬದಲಿಸಿದರೂ ಆದೀತು.

ಟಾರ್ಚ್ ಹಾಕಿ ನೋಡಿ

ಬ್ಯಾಕ್‌ಲೈಟ್ ಇಳಿಸುವುದರಿಂದ ಕರೆಂಟಿಗಿಂತ ದೊಡ್ಡ ಲಾಭ ಇನ್ನೊಂದಿದೆ. ಅದು ಸ್ಕ್ರೀನಿನ ಆಯಸ್ಸು.

‘ಸೌಂಡ್ ಬರ್ತಿದೆ, ಪಿಕ್ಚರ್ ಇಲ್ಲ’ ಎಂಬುದು ಟಿವಿ ರಿಪೇರಿಯವರು ತುಂಬಾ ಕೇಳುವ ದೂರುಗಳಲ್ಲಿ ಒಂದು. ಹಾಗಾದಾಗ ಒಂದು ಕೆಲಸ ಮಾಡಿ. ಕೋಣೆಯ ಲೈಟ್ ಆರಿಸಿ, ಸ್ಕ್ರೀನು ಆನ್ ಇಟ್ಟು, ಮೊಬೈಲ್ ಟಾರ್ಚನ್ನು ಪ್ಯಾನೆಲ್ಲಿಗೆ ತೀರಾ ಹತ್ತಿರ ಹಿಡಿದು ಓರೆಯಾಗಿ ನೋಡಿ. ಬೆಳಕು ಬಿದ್ದ ಕಡೆ ಮಸುಕಾಗಿ ಚಿತ್ರ ಓಡುತ್ತಿರುವುದು ಕಂಡರೆ ಪ್ಯಾನೆಲ್ ಚೆನ್ನಾಗಿಯೇ ಇದೆ. ಕೆಟ್ಟಿರುವುದು ಹಿಂದಿನ ಬೆಳಕು, ಇಲ್ಲವೇ ಅದಕ್ಕೆ ಕರೆಂಟು ಕೊಡುವ ಭಾಗ. ಒಂದು ಪಟ್ಟಿಯಲ್ಲಿ ಸಾಲಾಗಿ ಜೋಡಿಸಿದ ಎಲ್‌ಇಡಿಗಳಲ್ಲಿ ಒಂದು ಸುಟ್ಟರೂ ಆ ಸಾಲು ಪೂರ್ತಿ ಆರುತ್ತದೆ. ಎಷ್ಟೋ ಸೆಟ್‌ಗಳಲ್ಲಿ ಉಳಿದ ಸಾಲುಗಳನ್ನೂ ಸರ್ಕ್ಯೂಟೇ ಆರಿಸಿಬಿಡುತ್ತದೆ. ಪಟ್ಟಿ ಬದಲಿಸಿದರೆ ಸ್ಕ್ರೀನು ಮತ್ತೆ ಕೆಲಸ ಮಾಡುತ್ತದೆ. ಖರ್ಚು ಹೊಸದರ ಬೆಲೆಯ ಸಣ್ಣ ಪಾಲು. ಆದರೆ ಸಂಸ್ಥೆಗಳಲ್ಲಿ ಆಗುವುದೇನು? ‘ಹಳೇದಾಯ್ತು, ಹೊಸದು ತರಿಸಿ’ ಅಂತ ಫೈಲು ಓಡುತ್ತದೆ. ಚೆನ್ನಾಗಿರುವ ಪ್ಯಾನೆಲ್ ಸ್ಟೋರ್ ರೂಮಿನಲ್ಲಿ ಧೂಳು ತಿನ್ನುತ್ತದೆ.

ಆ ಎಲ್‌ಇಡಿ ಬೇಗ ಸುಡುವುದಕ್ಕೆ ಮುಖ್ಯ ಕಾರಣ ಬಿಸಿ. ನೂರಕ್ಕೆ ನೂರು ಬ್ಯಾಕ್‌ಲೈಟಿನಲ್ಲಿ ಉರಿದರೆ ಬಿಸಿ ಜಾಸ್ತಿ. ಅರವತ್ತಕ್ಕೆ ಇಳಿಸಿದರೆ ಕರೆಂಟೂ ಕಡಿಮೆ, ಬಿಸಿಯೂ ಕಡಿಮೆ. ಬ್ಯಾಕ್‌ಲೈಟಿನ ಆಯಸ್ಸನ್ನು ಸಾಮಾನ್ಯವಾಗಿ 50,000 ಗಂಟೆಯ ಲೆಕ್ಕದಲ್ಲಿ ಹೇಳುತ್ತಾರೆ. ಅಷ್ಟು ಉರಿದ ಮೇಲೆ ಬೆಳಕು ಅರ್ಧಕ್ಕೆ ಇಳಿಯುತ್ತದೆ ಎಂದು ಅರ್ಥ. ಹಗಲು ರಾತ್ರಿ ಉರಿಸಿದರೆ ಇದು ಆರು ವರ್ಷವೂ ಬಾರದು. ಕಚೇರಿ ಹೊತ್ತಿನಲ್ಲಿ ಮಾತ್ರ ಉರಿಸಿದರೆ ಬ್ಯಾಕ್‌ಲೈಟಿಗಿಂತ ಮೊದಲು ಬೇರೇನೋ ಕೆಡುತ್ತದೆ.

ಆಯಸ್ಸಿನ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣವಿದೆ. ಸ್ಕ್ರೀನು ನಮ್ಮ ಗೋಡೆಗೆ ಬರುವ ಮೊದಲೇ ಅದರ ಹೆಸರಿನಲ್ಲಿ ಪರಿಸರದ ದೊಡ್ಡ ಸಾಲ ಇರುತ್ತದೆ. ಪ್ಯಾನೆಲ್ ಮಾಡುವ ಕಾರ್ಖಾನೆಗೆ ವಿಪರೀತ ಕರೆಂಟು, ವಿಪರೀತ ಶುದ್ಧ ನೀರು ಬೇಕು. ಗಾಜಿನ ಮೇಲೆ ತೆಳು ಪದರ ಕೂರಿಸುವ ಯಂತ್ರಗಳ ಒಳಭಾಗ ತೊಳೆಯಲು ನೈಟ್ರೋಜನ್ ಟ್ರೈಫ್ಲೋರೈಡ್ ಎಂಬ ಅನಿಲ ಬಳಸುತ್ತಾರೆ. ಸೋರಿದರೆ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 17,000 ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಕರೆಂಟು ಹರಿಯುವ ಪಾರದರ್ಶಕ ಪದರಕ್ಕೆ ಇಂಡಿಯಮ್ ಎಂಬ ಅಪರೂಪದ ಲೋಹ ಬೇಕು. ಈ ಸಾಲವನ್ನು ಐದು ವರ್ಷಕ್ಕೆ ಹಂಚಿದರೆ ಒಂದು ಲೆಕ್ಕ, ಹತ್ತು ವರ್ಷಕ್ಕೆ ಹಂಚಿದರೆ ಅದರ ಅರ್ಧ. ಆದ್ದರಿಂದಲೇ ಚೆನ್ನಾಗಿ ಓಡುತ್ತಿರುವುದನ್ನು ಕಿತ್ತು, ಕರೆಂಟು ಕಡಿಮೆ ತಿನ್ನುವ ಹೊಸದು ಹಾಕುವುದು ಹೆಚ್ಚಿನ ಸಲ ನಷ್ಟದ ವ್ಯಾಪಾರ.

ಮಳೆಗಾಲದ ತಾಪತ್ರಯ

ಇಲ್ಲಿಯವರೆಗೆ ಹೇಳಿದ್ದು ಮೈಸೂರಿಗೂ ಸಲ್ಲುತ್ತದೆ, ಮಂಗಳೂರಿಗೂ ಸಲ್ಲುತ್ತದೆ. ಕೊಡಗಿಗೆ ಅಂತಲೇ ಇರುವ ಮಾತು ಜೂನ್‌ನಲ್ಲಿ ಶುರುವಾಗುತ್ತದೆ. ಗಾಳಿಗೆ ಮರ ಬಿದ್ದು, ಲೈನ್ ಹರಿದು, ಕರೆಂಟು ಕಂಪನಿ ಸೆಸ್ಕ್ ಸಿಬ್ಬಂದಿ ಮಳೆಯಲ್ಲಿ ಕಂಬ ಹತ್ತಿ ಕರೆಂಟು ಕೊಡುವ ಹೊತ್ತಿಗೆ ಒಂದು ದಿನ ಹೋಗಿರುತ್ತದೆ. ಒಳಗಿನ ಊರುಗಳಲ್ಲಿ ವಾರವೂ ಆಗಬಹುದು. ಆಗ ರೆಸಾರ್ಟುಗಳಲ್ಲಿ ಜನರೇಟರ್, ಸಣ್ಣ ಕಚೇರಿಗಳಲ್ಲಿ ಇನ್ವರ್ಟರ್.

ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್. ಸಣ್ಣ ಜನರೇಟರಿಗೆ ಒಳ್ಳೆಯ ಲೋಡ್ ಇದ್ದಾಗ ಲೀಟರಿಗೆ ಸುಮಾರು 3 ಯೂನಿಟ್ ಸಿಗುತ್ತದೆ. ಲೋಡ್ ಕಡಿಮೆ ಇದ್ದರೆ ಇನ್ನೂ ಕಡಿಮೆ. ಡೀಸೆಲ್ ಲೀಟರಿಗೆ 90 ರೂಪಾಯಿ ಅಂತ ಹಿಡಿದರೆ ಯೂನಿಟ್ಟಿಗೆ 30 ರೂಪಾಯಿ ಆಯಿತು. ಗ್ರಿಡ್ ಕರೆಂಟಿಗಿಂತ ದುಬಾರಿ, ಹೊಗೆಯೂ ಜಾಸ್ತಿ. ಅಂಥ ಕರೆಂಟಿನಲ್ಲಿ ‘ವೆಲ್‌ಕಮ್ ಟು ಕೂರ್ಗ್’ ಅಂತ ತೋರಿಸುವುದು ಯಾವ ಸಂಭ್ರಮಕ್ಕೆ? ಅತಿಥಿ ಒಳಗೆ ಬಂದು ಕಾಫಿ ಕುಡಿಯುತ್ತಾ ಕೂತಾಗಿದೆಯಲ್ಲ. ಇನ್ವರ್ಟರಿನ ಕತೆಯೂ ಅಷ್ಟೇ. 120 ವ್ಯಾಟ್‌ನ ಒಂದು ಸ್ಕ್ರೀನು ತಿನ್ನುವ ಕರೆಂಟಿನಲ್ಲಿ 9 ವ್ಯಾಟ್‌ನ 13 ಬಲ್ಬು ಉರಿಯುತ್ತವೆ. ಎಲೆಕ್ಟ್ರಿಷಿಯನ್‌ಗೆ ಹೇಳಿ ಸ್ಕ್ರೀನಿನ ಪಾಯಿಂಟನ್ನು ಬ್ಯಾಕಪ್ ಲೈನಿನಿಂದ ಬಿಡಿಸಿ. ಆಸ್ಪತ್ರೆಯ ಟೋಕನ್ ಬೋರ್ಡಿನಂಥ ತೀರಾ ಬೇಕಾದ್ದು ಮಾತ್ರ ಅದರಲ್ಲಿರಲಿ. ಮನಸ್ಸು ಮಾಡಿದರೆ ಅರ್ಧ ದಿನದ ಕೆಲಸ.

ಸೋಲಾರ್ ಹಾಕಿಸಿದ್ದೇವೆ, ನಮಗೇನು ಅನ್ನುವವರಿದ್ದಾರೆ. ಸೋಲಾರ್ ಒಳ್ಳೆಯದೇ. ಆದರೆ ನಮ್ಮ ಕಡೆ ಜೂನ್‌ನಿಂದ ಆಗಸ್ಟ್ ತನಕ ಸೂರ್ಯನ ಮುಖ ಕಾಣುವುದೇ ಅಪರೂಪ. ಬೇಸಿಗೆಯಲ್ಲಿ ಬಂದಷ್ಟು ಕರೆಂಟು ಆಗ ಬಾರದು.

ಇನ್ನು ತೇವ. ಚಪ್ಪಲಿಗೆ, ಬೆಲ್ಟಿಗೆ ಬೂಸ್ಟು ಹಿಡಿಯುವ ಊರಿನಲ್ಲಿ ಸ್ಕ್ರೀನಿನ ಒಳಗಿನ ಬೋರ್ಡಿಗೆ ತೇವ ಹಿಡಿಯದೆ ಇರುತ್ತದೆಯೇ? ಇಲ್ಲಿ ಉಳಿತಾಯದ ಸೂತ್ರ ಸ್ವಲ್ಪ ತಿರುಗುತ್ತದೆ. ಮಳೆಗಾಲ ಪೂರ್ತಿ ಆಫ್ ಮಾಡಿ ಮೂಲೆಗೆ ಇಟ್ಟ ಸ್ಕ್ರೀನು ಅಕ್ಟೋಬರಿನಲ್ಲಿ ಏಳದೇ ಹೋಗಬಹುದು. ಎರಡು ಮೂರು ದಿನಕ್ಕೊಮ್ಮೆ ಒಂದೆರಡು ಗಂಟೆ ಉರಿಸಿದರೆ ಅದರ ಬಿಸಿಗೇ ತೇವ ಆರುತ್ತದೆ. ಕೆಲವು ಯೂನಿಟ್ ಖರ್ಚಾಗುತ್ತದೆ, ಆಗಲಿ. ಹೊಸ ಸ್ಕ್ರೀನಿನ ಸಾಲಕ್ಕೆ ಹೋಲಿಸಿದರೆ ಏನೂ ಅಲ್ಲ. ಹೊರಗೋಡೆಗೆ ಸ್ಕ್ರೀನು ಅಂಟಿಸಿದಂತೆ ಕೂರಿಸಬೇಡಿ, ಹಿಂದೆ ಗಾಳಿಯಾಡಲು ನಾಲ್ಕು ಬೆರಳು ಜಾಗ ಬಿಡಿ. ಪ್ಲಾಸ್ಟಿಕ್ ಕವರ್ ಬಿಗಿಯಾಗಿ ಹೊದಿಸಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಬಹಳ ದಿನ ಆಫ್ ಇದ್ದ ಎಲ್‌ಇಡಿ ವಾಲನ್ನು ಒಮ್ಮೆಲೇ ಪೂರ್ತಿ ಬೆಳಕಿಗೆ ಹಾಕಬಾರದು. ಮೊದಲು ಕಡಿಮೆ ಬೆಳಕಿನಲ್ಲಿ ಸ್ವಲ್ಪ ಹೊತ್ತು ಓಡಿಸಿ, ಮಾಡ್ಯೂಲುಗಳು ಬೆಚ್ಚಗಾಗಿ ಒಣಗಿದ ಮೇಲೆ ಏರಿಸಬೇಕು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಪ್ಲಗ್ ಕೀಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಹೇಗೂ ಇದೆ. ಕಚೇರಿಯಲ್ಲಿ ಅದು ಯಾರ ಕೆಲಸ ಅಂತ ಒಬ್ಬರ ಹೆಸರು ಬರೆದಿಡುವುದು ಒಳ್ಳೆಯದು. ಅರ್ಥಿಂಗ್ ಸರಿ ಇದೆಯೇ ಅಂತಲೂ ನೋಡಿಸಿ.

ಎಲ್‌ಇಡಿ ವಾಲ್ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರದ್ದು ಸರಾಸರಿ ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ ಅಂತ ಹಿಡಿಯಿರಿ. ಸಂಜೆಯಿಂದ ಬೆಳಗಿನವರೆಗೆ ಹನ್ನೆರಡು ಗಂಟೆಗೆ 18 ಯೂನಿಟ್. ಕಾಡಂಚಿನ ರೆಸಾರ್ಟಿನ ಗೇಟಿಗೆ ಇಂಥದ್ದು ಬೇಕೇ? ನಾಗರಹೊಳೆ ಕಡೆಯ ಕತ್ತಲಿನಲ್ಲಿ ನೀಲಿ ಮಿಶ್ರಿತ ಬಿಳಿ ಬೆಳಕಿಗೆ ಹುಳಹುಪ್ಪಟೆ ಮುತ್ತುತ್ತವೆ. ಮೊದಲ ಮಳೆಗೆ ಏಳುವ ಈಸಲು ಹುಳ ಬಂದು ಬಿದ್ದ ರಾಶಿಯನ್ನು ಬೆಳಿಗ್ಗೆ ಗುಡಿಸಿದವರಿಗೆ ಕೇಳಿ. ಬಂದ ಅತಿಥಿ ದುಡ್ಡು ಕೊಟ್ಟದ್ದೇ ಆ ಕತ್ತಲೆಗೆ, ಅಲ್ವಾ? ದಸರೆ ವೇದಿಕೆಗೋ ಹಾಕಿ ಪಂದ್ಯಾವಳಿಯ ಫೈನಲ್ಲಿಗೋ ವಾಲ್ ಬೇಕಾದರೆ ಬಾಡಿಗೆಗೆ ತನ್ನಿ. ಒಂದೇ ವಾಲ್ ಹತ್ತು ಊರಿನ ಕಾರ್ಯಕ್ರಮಕ್ಕೆ ಓಡಾಡಿದರೆ ಹತ್ತು ವಾಲ್ ಕೊಳ್ಳುವುದು ತಪ್ಪುತ್ತದೆ.

ಸ್ಕ್ರೀನು ಬೇಡದ ಕಡೆ

ಗೋಣಿಕೊಪ್ಪ, ಸಿದ್ದಾಪುರ, ಸೋಮವಾರಪೇಟೆಯ ಕಾಫಿ ವ್ಯಾಪಾರಿಗಳ ಅಂಗಡಿ ಮುಂದೆ ಕಪ್ಪು ಬೋರ್ಡು ನೋಡಿರುತ್ತೀರಿ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ, ಕೆಳಗೆ ಕಾಳುಮೆಣಸು. ಪಕ್ಕದಲ್ಲಿ ಸೀಮೆಸುಣ್ಣದಲ್ಲಿ ಬರೆದ ಆ ದಿನದ ದರ. ದಿನಕ್ಕೆ ಒಂದೆರಡು ಸಲ ಬದಲಾಗುವ ಐದು ಸಂಖ್ಯೆ. ಬೆಳೆಗಾರ ಜೀಪಿನಿಂದ ಇಳಿಯದೆಯೇ ಓದಿಕೊಂಡು ಹೋಗುತ್ತಾನೆ. ಈ ಕೆಲಸಕ್ಕೆ ಇದಕ್ಕಿಂತ ಪರಿಸರಸ್ನೇಹಿ ಡಿಸ್‌ಪ್ಲೇ ಇನ್ನೂ ಬಂದಿಲ್ಲ.

ಬೋರ್ಡು ಬೇಡ, ದೂರದಿಂದಲೇ ಬದಲಿಸುವ ಹಾಗಿರಬೇಕು ಅಂದರೆ ಇ-ಪೇಪರ್ ಎಂಬ ಬಗೆಯ ಸ್ಕ್ರೀನು ಇದೆ. ಕಿಂಡಲ್‌ನಲ್ಲಿ, ಅಂದರೆ ಇ-ಪುಸ್ತಕ ಓದುವ ಸಾಧನದಲ್ಲಿ, ಇರುವುದು ಅದೇ. ಸಣ್ಣ ಕಣಗಳು ಒಮ್ಮೆ ಜಾಗಕ್ಕೆ ಬಂದು ಕೂತರೆ ಕರೆಂಟು ತೆಗೆದರೂ ಅಕ್ಷರ ಹಾಗೇ ನಿಲ್ಲುತ್ತದೆ. ಬದಲಿಸುವಾಗ ಮಾತ್ರ ಕರೆಂಟು ಬೇಕು. ವಿಡಿಯೊ ಬಾರದು, ಬಣ್ಣ ಮಂಕು, ಬೆಲೆಯೂ ಜಾಸ್ತಿ, ಕತ್ತಲಲ್ಲಿ ಕಾಣಲು ಬೇರೆ ಲೈಟು ಬೇಕು. ಆದರೆ ದರಪಟ್ಟಿ, ಬಸ್ಸಿನ ವೇಳೆ, ಮೀಟಿಂಗ್ ರೂಮಿನ ಬಾಗಿಲ ಚೀಟಿ ಇವಕ್ಕೆಲ್ಲ ಸರಿಯಾಗಿ ಹೊಂದುತ್ತದೆ.

ಸ್ಕ್ರೀನು ಮಾರುವವರು ಫ್ಲೆಕ್ಸ್ ಉಳಿಯುತ್ತದೆ ಅನ್ನುತ್ತಾರೆ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಫ್ಲೆಕ್ಸೂ ಅದರಲ್ಲಿ ಸೇರಿತ್ತು. ಮಾಹಿತಿ ವಾರ ವಾರ ಬದಲಾಗುವ ಕಡೆ ಅವರ ಮಾತು ಒಪ್ಪಬಹುದು. ಐದು ವರ್ಷ ಅದೇ ಹೆಸರು, ಅದೇ ಬಾಣದ ಗುರುತು ತೋರಿಸಬೇಕಾದ ಕಡೆ ಪೇಂಟ್ ಹೊಡೆದ ಬೋರ್ಡೇ ಗೆಲ್ಲುತ್ತದೆ.

ಸ್ಕ್ರೀನಿಗೆ ಚಿತ್ರ ಕಳಿಸುವ ಪೆಟ್ಟಿಗೆಯನ್ನೂ ಮರೆಯಬೇಡಿ. ಎಷ್ಟೋ ಕಡೆ ಹಳೇ ಕಂಪ್ಯೂಟರನ್ನೇ ಹಿಂದೆ ಇಟ್ಟಿರುತ್ತಾರೆ. ಅದು 60 ವ್ಯಾಟ್ ಎಳೆದರೆ ಸ್ಕ್ರೀನಿನ ಅರ್ಧ ಅದೇ ತಿಂದ ಹಾಗಾಯಿತು. ರಾಸ್ಪ್‌ಬೆರಿ ಪೈ ಥರದ ಪುಟ್ಟ ಕಂಪ್ಯೂಟರ್ ಬೋರ್ಡು ಐದಾರು ವ್ಯಾಟಿನಲ್ಲಿ ಅದೇ ಕೆಲಸ ಮಾಡುತ್ತದೆ. ಒಳಗೇ ಪ್ಲೇಯರ್ ಇರುವ ಸ್ಕ್ರೀನೂ ಸಿಗುತ್ತದೆ. ವಿಡಿಯೊವನ್ನು ಪ್ರತಿ ಸಲ ಇಂಟರ್‌ನೆಟ್ಟಿನಿಂದ ಎಳೆಯುವ ಬದಲು ಒಮ್ಮೆ ಇಳಿಸಿಟ್ಟುಕೊಂಡು ಓಡಿಸಿ. ಮಳೆಗೆ ನೆಟ್‌ವರ್ಕ್ ಹೋದರೂ ಚಿತ್ರ ನಿಲ್ಲುವುದಿಲ್ಲ.

ಕೊನೆಗೂ ಹೊಸದು ಕೊಳ್ಳಲೇಬೇಕು ಅಂತಾದರೆ ಗಂಟೆ ಲೆಕ್ಕ ಮೊದಲು. ದಿನಕ್ಕೆ 16 ಗಂಟೆ, 24 ಗಂಟೆ ಓಡಲೆಂದು ಮಾಡಿದ ಸ್ಕ್ರೀನು ಬೇರೆ, ಮನೆ ಟಿವಿ ಬೇರೆ. ಎಂಟು ಗಂಟೆಯ ಕಚೇರಿಗೆ ಮನೆ ಟಿವಿ ಸಾಕಾಗಬಹುದು, ಆದರೆ ವಾಣಿಜ್ಯ ಬಳಕೆಗೆ ವಾರಂಟಿ ಇದೆಯೇ ಅಂತ ಕೇಳಿ. ಕರೆಂಟು ಎಷ್ಟು ಉಳಿಯುತ್ತದೆ ಅಂತ ತೋರಿಸುವ, ಟಿವಿ ಮೇಲಿನ ಬಿಇಇ ನಕ್ಷತ್ರ ನೋಡಿ. ಮಾನಿಟರುಗಳಿಗೆ ಟಿಸಿಒ, ಇಪೀಟ್ ಗುರುತುಗಳಿವೆ. ಇವು ಕರೆಂಟಿನ ಜೊತೆ ವಿಷಪದಾರ್ಥ, ರಿಪೇರಿಯಂಥ ವಿಷಯವನ್ನೂ ನೋಡುತ್ತವೆ. ಇವೆಲ್ಲಕ್ಕಿಂತ ಮೇಲೆ ನಾನು ಇಡುವ ಪ್ರಶ್ನೆ ಒಂದೇ: ಏಳು ವರ್ಷ ಆದ ಮೇಲೆ ಇದರ ಪವರ್ ಬೋರ್ಡು ಮೈಸೂರಿನಲ್ಲಾದರೂ ಸಿಗುತ್ತದೆಯೇ?

ಹಾಳಾದದ್ದನ್ನು ಎಲ್ಲಿ ಕೊಡಬೇಕು? ಗುಜರಿ ಗಾಡಿಯವರಿಗೆ ಬೇಕಾದ್ದು ತಾಮ್ರ, ಅಲ್ಯೂಮಿನಿಯಂ. ಪ್ಯಾನೆಲ್ಲನ್ನು ಒಡೆದು ಎಲ್ಲೋ ಹಳ್ಳಕ್ಕೆ ಸುರಿದರೆ ಕೊನೆಗೆ ಅದು ಕಾವೇರಿಯ ದಾರಿಯೇ. ಹಳೇ ಎಲ್‌ಸಿಡಿಗಳ ಬ್ಯಾಕ್‌ಲೈಟು ಸಣ್ಣ ಟ್ಯೂಬುಗಳಾಗಿದ್ದವು, ಅದರಲ್ಲಿ ಪಾದರಸವಿದೆ. ಹಳೇ ಡಬ್ಬಾ ಟಿವಿಯ ಗಾಜಿನಲ್ಲಿ ಸೀಸವಿದೆ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮದಂತೆ ಹಳೇ ಸಾಮಾನಿನ ಹೊಣೆ ತಯಾರಕರ ಮೇಲಿದೆ. ಸಾವಿರ ಅಥವಾ ಅದಕ್ಕಿಂತ ಹೆಚ್ಚು ಎಲೆಕ್ಟ್ರಾನಿಕ್ ಸಾಮಾನು ಬಳಸುವ ಸಂಸ್ಥೆಯನ್ನು ‘ಸಗಟು ಬಳಕೆದಾರ’ ಅಂತ ಪರಿಗಣಿಸುತ್ತಾರೆ. ಅವರು ನೋಂದಾಯಿತ ಕಡೆಗೇ ಕೊಡಬೇಕು. ಕೊಡಗಿನ ಹೆಚ್ಚಿನ ಸಂಸ್ಥೆಗಳು ಅಷ್ಟು ದೊಡ್ಡವಲ್ಲ. ನೋಂದಾಯಿತ ಮರುಬಳಕೆ ಘಟಕದವರು ಎರಡು ಸ್ಕ್ರೀನಿಗೋಸ್ಕರ ಘಾಟಿ ಹತ್ತಿ ಬರುವುದೂ ಕಷ್ಟ. ಪಟ್ಟಣದ ಬ್ಯಾಂಕು, ಕಾಲೇಜು, ಸಂಘ, ಆಸ್ಪತ್ರೆ ಸೇರಿ ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮೊದಲು ಒಂದೇ ಲೋಡ್ ಮಾಡಿ ಕಳಿಸಬಹುದು. ಕೊಡುವ ಮುಂಚೆ ಪ್ಲೇಯರಿನಲ್ಲಿ ಉಳಿದಿರುವ ವೈಫೈ ಪಾಸ್‌ವರ್ಡು ಅಳಿಸಿ. ತಗೊಂಡವರಿಂದ ತೂಕ ಮತ್ತು ನೋಂದಣಿ ಸಂಖ್ಯೆ ಇರುವ ರಸೀದಿ ಬರೆಸಿಕೊಳ್ಳಿ.